ಹೆಗಲಿನ ರಜ್ಜು ಹರಿದರೆ ಮಾಂಸಖಂಡ ಕರಗುವುದೇಕೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಹೆಗಲಿಗೆ ಸಂಬಂಧಿಸಿದವು. ಅಡಿಕೆಯ ಕೊನೆ (ಗೊನೆ) ಕೊಯ್ಯುವುದು, ಅದಕ್ಕೆ ಔಷಧಿ ಹೊಡೆಯುವುದು, ಸೊಪ್ಪಿನ ಹೊರೆ ಎತ್ತುವುದು ಎಲ್ಲವೂ ಹೆಗಲಿನ ಮೇಲೇ ಬೀಳುವ ಕೆಲಸ. ಅದರ ಜೊತೆಗೆ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ, ಜಾರುವ ಮೆಟ್ಟಿಲು. ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬಂದರೆ ಬೇಸರಿಸಬೇಡಿ: ಹೆಗಲಿನ ವಿಷಯದಲ್ಲಿ ನೋವು ಎಷ್ಟಿದೆ ಎಂಬುದಕ್ಕಿಂತ ಕೈಯಲ್ಲಿ ಶಕ್ತಿ ಎಷ್ಟಿದೆ ಎಂಬುದನ್ನು ಗಮನಿಸಬೇಕು.

ಪ್ರಶ್ನೆ: ನನಗೆ 61 ವರ್ಷ. ಬಲ ಹೆಗಲಿನ ಎಂಆರ್‌ಐ ರಿಪೋರ್ಟಿನಲ್ಲಿ ‘ಸುಪ್ರಾಸ್ಪೈನೇಟಸ್ ಫುಲ್ ಥಿಕ್‌ನೆಸ್ ಟೇರ್, 2.5 ಸೆಂ.ಮೀ., ಫ್ಯಾಟಿ ಇನ್‌ಫಿಲ್ಟ್ರೇಶನ್ ಗ್ರೇಡ್ 2’ ಎಂದು ಬರೆದಿದ್ದಾರೆ. ನಾನು ಸಣಕಲು ಮನುಷ್ಯ, ಹೆಗಲಲ್ಲಿ ಕೊಬ್ಬು ಎಲ್ಲಿಂದ ಬಂತು? ಊಟದಲ್ಲಿ ತುಪ್ಪ ಬಿಡಬೇಕೆ?
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ತುಪ್ಪ ಬಿಟ್ಟರೆ ಹೋಗುವ ಕೊಬ್ಬು ಇದಲ್ಲ. ಇದು ಊಟದಿಂದ ಬಂದದ್ದಲ್ಲ, ಕೆಲಸವಿಲ್ಲದ ಮಾಂಸಖಂಡದ ಒಳಗೇ ಹುಟ್ಟಿದ್ದು.

ಹೆಗಲಹಲಗೆ ಮೂಳೆಯಿಂದ ಹೊರಟ ನಾಲ್ಕು ಮಾಂಸಖಂಡಗಳು ತೋಳಿನ ಮೂಳೆಯ ತಲೆಯನ್ನು ಸುತ್ತಲಿಂದ ಹಿಡಿದುಕೊಂಡಿವೆ. ಈ ಗುಂಪಿಗೆ ರೊಟೇಟರ್ ಕಫ್ ಎನ್ನುತ್ತಾರೆ. ಮೇಲ್ಗಡೆಯ ಸುಪ್ರಾಸ್ಪೈನೇಟಸ್ ಕೈ ಎತ್ತಲು ನೆರವಾಗುತ್ತದೆ. ಹಿಂದಿನ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್ ಕೈಯನ್ನು ಹೊರಕ್ಕೆ ತಿರುಗಿಸುತ್ತವೆ. ಮುಂದಿನ ಸಬ್‌ಸ್ಕ್ಯಾಪುಲ್ಯಾರಿಸ್ ಒಳಕ್ಕೆ ತಿರುಗಿಸುತ್ತದೆ. ನಾಲ್ಕೂ ತುದಿಯಲ್ಲಿ ಬೆಳ್ಳಗಿನ ಗಟ್ಟಿ ರಜ್ಜುವಾಗಿ ಮೂಳೆಗೆ ಅಂಟಿರುತ್ತವೆ. ಹರಿಯುವುದು ಸಾಮಾನ್ಯವಾಗಿ ಈ ಅಂಟಿನ ಜಾಗದಲ್ಲಿ ಅಥವಾ ಅದರ ಪಕ್ಕದಲ್ಲಿ. ‘ಫುಲ್ ಥಿಕ್‌ನೆಸ್’ ಎಂದರೆ ರಜ್ಜುವಿನ ಪೂರ್ತಿ ದಪ್ಪಕ್ಕೆ ತೂತು ಬಿದ್ದಿದೆ ಎಂದು. ಇಡೀ ರಜ್ಜು ಕಿತ್ತು ಹೋಗಿದೆ ಎಂದೇ ಅರ್ಥವಲ್ಲ. 1 ಸೆಂ.ಮೀ. ಒಳಗಿನದು ಸಣ್ಣ ಹರಿತ (ಹರಿದ ಜಾಗ, ‘ಟೇರ್’), 1ರಿಂದ 3 ಮಧ್ಯಮ, 3ರಿಂದ 5 ದೊಡ್ಡದು, 5 ಮೀರಿದರೆ ಅತಿ ದೊಡ್ಡದು. ನಿಮ್ಮದು ಮಧ್ಯಮ.

ಮಾಂಸಖಂಡ ಮಾಂಸಖಂಡವಾಗಿ ಉಳಿಯಬೇಕಾದರೆ ಅದರ ಎರಡೂ ತುದಿ ಬಿಗಿಯಾಗಿರಬೇಕು. ಎಳೆದು ಕಟ್ಟಿದ ಹಗ್ಗದ ಒಂದು ತುದಿ ಬಿಚ್ಚಿದರೆ ಹಗ್ಗ ಸಡಿಲಾಗಿ ಹಿಂದಕ್ಕೆ ಸರಿಯುವ ಹಾಗೆ, ರಜ್ಜು ಬಿಟ್ಟ ಮಾಂಸಖಂಡವೂ ಒಳಕ್ಕೆ ಸರಿಯುತ್ತದೆ. ಅದರ ಎಳೆಗಳು ಗಿಡ್ಡವಾಗುತ್ತವೆ, ತೆಳ್ಳಗಾಗುತ್ತವೆ, ಮೊದಲಿಗಿಂತ ಹೆಚ್ಚು ಓರೆಯಾಗಿ ಮಲಗುತ್ತವೆ. ಎಳೆಗಳ ನಡುವೆ ಜಾಗ ತೆರೆಯುತ್ತದೆ. ಮಾಂಸಖಂಡದೊಳಗೇ ಇರುವ ಕೆಲವು ಮೂಲಕೋಶಗಳು ಈ ಸ್ಥಿತಿಯಲ್ಲಿ ಕೊಬ್ಬಿನ ಕೋಶಗಳಾಗಿ, ನಾರಾಗಿ ಮಾರ್ಪಟ್ಟು ಆ ಜಾಗವನ್ನು ತುಂಬುತ್ತವೆ. ರಜ್ಜು ತುಂಬ ದೂರ ಸರಿದಿದ್ದರೆ ಅದಕ್ಕೆ ಹೋಗುವ ನರವೂ ಜಗ್ಗಬಹುದು, ಆಗ ಹಾನಿ ಇನ್ನೂ ಹೆಚ್ಚು. ಹೀಗೆ ಎರಡು ಬೇರೆ ಬೇರೆ ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಒಂದು, ಮಾಂಸಖಂಡದ ಗಾತ್ರ ಕುಗ್ಗುವುದು. ಇನ್ನೊಂದು, ಉಳಿದದ್ದರೊಳಗೆ ಕೊಬ್ಬು ಸೇರುವುದು. ಕುಗ್ಗಿದ್ದು ದುರಸ್ತಿಯ ನಂತರ ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳಬಹುದು. ಸೇರಿದ ಕೊಬ್ಬು ಮಾತ್ರ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ರಜ್ಜು ಚೆನ್ನಾಗಿ ಕೂಡಿಕೊಂಡರೆ ಅದು ಮುಂದುವರಿಯುವುದು ನಿಲ್ಲುತ್ತದೆ, ಅಷ್ಟೆ.

ಗ್ರೇಡ್ ಎಂಬ ಅಳತೆಯನ್ನು ಫ್ರಾನ್ಸಿನ ಶಸ್ತ್ರವೈದ್ಯ ಗುಟಾಲಿಯೆ ಮತ್ತು ಸಂಗಡಿಗರು 1994ರಲ್ಲಿ ಸಿಟಿ ಸ್ಕ್ಯಾನ್ ನೋಡಿ ರೂಪಿಸಿದರು. ಈಗ ಎಂಆರ್‌ಐಗೂ ಅದೇ ಬಳಕೆಯಲ್ಲಿದೆ. ಕೊಬ್ಬೇ ಇಲ್ಲದಿದ್ದರೆ 0. ಅಲ್ಲಲ್ಲಿ ಗೆರೆಯಂತೆ ಕಂಡರೆ 1. ಕೊಬ್ಬು ಇದ್ದರೂ ಮಾಂಸವೇ ಹೆಚ್ಚಿದ್ದರೆ 2. ಎರಡೂ ಸಮವಾದರೆ 3. ಕೊಬ್ಬೇ ಹೆಚ್ಚಾದರೆ 4. ನೀವು 2ರಲ್ಲಿದ್ದೀರಿ. ಹೊಲಿಗೆ ಹಾಕಿದರೆ ಫಲ ಸಿಗುವ ಸಾಧ್ಯತೆ ಇನ್ನೂ ಚೆನ್ನಾಗಿದೆ. 3, 4ಕ್ಕೆ ಹೋದಂತೆ ಹೊಲಿದ ರಜ್ಜು ಮತ್ತೆ ಬಿಡುವ ಸಂಭವ ಹೆಚ್ಚುತ್ತದೆ, ಕೂಡಿದರೂ ಶಕ್ತಿ ಪೂರ್ತಿ ಬರುವುದಿಲ್ಲ.

ವೈದ್ಯರ ಬಳಿ ಹೋಗುವಾಗ ರಿಪೋರ್ಟಿನ ಕಾಗದವೊಂದೇ ಸಾಲದು, ಫಿಲ್ಮು ಅಥವಾ ಸಿಡಿ ತಗೊಂಡು ಹೋಗಿ. ಒಂದೇ ಸ್ಕ್ಯಾನನ್ನು ಇಬ್ಬರು ನೋಡಿದರೆ ಒಬ್ಬರು 2 ಎಂದೂ ಇನ್ನೊಬ್ಬರು 3 ಎಂದೂ ಓದುವುದುಂಟು. ಮೂರು ವಿಷಯ ಕೇಳಿ. ರಜ್ಜುವಿನ ತುದಿ ಎಷ್ಟು ಒಳಕ್ಕೆ ಸರಿದಿದೆ? ತೋಳಿನ ಮೂಳೆಯ ತಲೆಯ ಮೇಲೇ ಇದೆಯೋ, ಕೀಲಿನ ಬಟ್ಟಲಿನ ಅಂಚಿನವರೆಗೂ ಹೋಗಿದೆಯೋ? ಹಿಂದಿನ ಇನ್‌ಫ್ರಾಸ್ಪೈನೇಟಸ್ ಹೇಗಿದೆ? ಅದರಲ್ಲಿ ಕೊಬ್ಬು ತುಂಬಿದ್ದರೆ ಫಲಿತಾಂಶದ ಮೇಲೆ ಹೆಚ್ಚು ಪೆಟ್ಟು ಬೀಳುತ್ತದೆ. ಮೂರನೆಯದು ‘ಟ್ಯಾಂಜೆಂಟ್ ಸೈನ್’. ಹೆಗಲಹಲಗೆ ಇಂಗ್ಲಿಷಿನ ‘ವೈ’ ಅಕ್ಷರದಂತೆ ಕಾಣುವ ಚಿತ್ರದಲ್ಲಿ ಅದರ ಎರಡು ಕವಲುಗಳ ಮೇಲಂಚು ಸೇರಿಸಿ ಒಂದು ಗೆರೆ ಎಳೆಯುತ್ತಾರೆ. ಆರೋಗ್ಯವಂತ ಸುಪ್ರಾಸ್ಪೈನೇಟಸ್ ಆ ಗೆರೆಯನ್ನು ದಾಟಿ ಮೇಲಕ್ಕೆ ಉಬ್ಬಿರುತ್ತದೆ, ಕರಗಿದ್ದು ಗೆರೆಯ ಕೆಳಗೇ ಉಳಿಯುತ್ತದೆ. ಇಲ್ಲೊಂದು ಎಚ್ಚರ: ರಜ್ಜು ಒಳಕ್ಕೆ ಸರಿದಾಗ ಮಾಂಸಖಂಡದ ಉಬ್ಬೂ ಒಳಕ್ಕೆ ಸರಿಯುವುದರಿಂದ ಈ ಚಿತ್ರದಲ್ಲಿ ಅದು ಇರುವುದಕ್ಕಿಂತ ಸಣ್ಣದಾಗಿ ಕಾಣಬಹುದು. ಆಪರೇಷನ್ ಆದ ತಕ್ಷಣದ ಸ್ಕ್ಯಾನಿನಲ್ಲಿ ದಪ್ಪ ಕಂಡರೆ ಅದೂ ಮಾಂಸ ಬೆಳೆದದ್ದಲ್ಲ, ಎಳೆದು ತಂದು ಕಟ್ಟಿದ್ದರಿಂದ ಹಾಗೆ ಕಾಣುವುದು.

ಪ್ರಶ್ನೆ: ಅಪ್ಪಯ್ಯನಿಗೆ 54. ಮೂರು ವಾರದ ಹಿಂದೆ ತೋಟದ ಮೆಟ್ಟಿಲಲ್ಲಿ ಜಾರಿ ಕೈ ಊರಿ ಬಿದ್ದರು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಎಂದರು. ಆದರೂ ಕೈ ಎತ್ತಲಾಗುತ್ತಿಲ್ಲ. ಎಣ್ಣೆ ತಿಕ್ಕಿಸುತ್ತಿದ್ದೇವೆ. ಇನ್ನೂ ಎಷ್ಟು ದಿನ ಕಾಯಬೇಕು?
— ಓದುಗರು, ಸಾಗರ

ಇನ್ನು ಕಾಯಬೇಡಿ. ಈ ವಾರವೇ ಮೂಳೆ ವೈದ್ಯರಿಗೆ ತೋರಿಸಿ.

ಎಕ್ಸ್‌ರೇಯಲ್ಲಿ ರಜ್ಜು ಕಾಣುವುದಿಲ್ಲ. ‘ಏನೂ ಆಗಿಲ್ಲ’ ಎಂಬ ಮಾತಿಗೆ ಅಲ್ಲಿ ಇರುವ ಅರ್ಥ ‘ಮೂಳೆಗೆ ಏನೂ ಆಗಿಲ್ಲ’ ಎಂದಷ್ಟೆ. ಅಲ್ಲಿಯವರೆಗೆ ಚೆನ್ನಾಗಿದ್ದ ಕೈ ಬಿದ್ದ ಮರುದಿನದಿಂದ ಏಳುತ್ತಿಲ್ಲವೆಂದರೆ ರಜ್ಜು ಹರಿದಿದೆ ಎಂದೇ ಹಿಡಿದು, ಅಲ್ಲವೆಂದು ಗೊತ್ತಾಗುವವರೆಗೆ ಪರೀಕ್ಷಿಸುತ್ತಾ ಹೋಗಬೇಕು. ಬಿದ್ದಾಗ ಹೆಗಲು ಕೀಲು ತಪ್ಪಿ ಕೂರಿಸಿದ್ದರೆ, ಅದೂ 40 ದಾಟಿದವರಲ್ಲಿ, ಈ ಅನುಮಾನ ಇನ್ನೂ ಬಲವಾಗುತ್ತದೆ.

ಮುರಿತವಿಲ್ಲ ಎಂದು ಖಾತ್ರಿಯಾಗಿರುವುದರಿಂದ ಮನೆಯಲ್ಲೇ ಮೆಲ್ಲಗೆ ಕೆಲವು ಪರೀಕ್ಷೆ ಮಾಡಿ ನೋಡಬಹುದು. ನೋವು ಹೆಚ್ಚಾದರೆ ಅಲ್ಲಿಗೇ ಬಿಡಿ. ಅಪ್ಪಯ್ಯನ ಕೈಯನ್ನು ನೀವೇ ಹಿಡಿದು ಪಕ್ಕದಿಂದ ಹೆಗಲ ಮಟ್ಟಕ್ಕೆ ಎತ್ತಿ. ಕೈಬಿಟ್ಟ ಮೇಲೆ ಅವರು ಅಲ್ಲೇ ನಿಲ್ಲಿಸಿಕೊಂಡು ನಿಧಾನವಾಗಿ ಇಳಿಸಬಲ್ಲರೇ ನೋಡಿ. ದಿಢೀರನೆ ಬಿದ್ದರೆ ಮೇಲಿನ ರಜ್ಜುವಿನ ತೊಂದರೆ. ಹಿಡಿದುಕೊಳ್ಳಲು ನಿಮ್ಮ ಇನ್ನೊಂದು ಕೈ ಕೆಳಗೇ ಇರಲಿ. ಎರಡನೆಯದಕ್ಕೆ ಮೊಣಕೈಯನ್ನು ಪಕ್ಕೆಗೆ ಒತ್ತಿ ಮಡಚಲು ಹೇಳಿ. ಮುಂಗೈಯನ್ನು ಹೊರಕ್ಕೆ ತಿರುಗಿಸಿ ಬಿಟ್ಟಾಗ ಅದು ತಾನೇ ಒಳಕ್ಕೆ ವಾಲಿದರೆ ಹಿಂದಿನ ರಜ್ಜುವಿನದು. ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ಒತ್ತಲು ಹೇಳಿದಾಗ ಮೊಣಕೈ ಹಿಂದಕ್ಕೆ ಜಾರಿದರೆ ಮುಂದಿನದು. ಹೆಗಲಿನ ಹೊರಮೈಯಲ್ಲಿ ಅಂಗೈಯಗಲ ಜಾಗ ಮರಗಟ್ಟಿದ್ದರೆ ನರಕ್ಕೂ ಪೆಟ್ಟಾಗಿದೆ, ಅದನ್ನು ವೈದ್ಯರಿಗೆ ಮರೆಯದೆ ಹೇಳಿ.

ಅವಸರ ಏಕೆಂದರೆ, ವಯಸ್ಸಿನ ಸವೆತದಿಂದ ನಿಧಾನವಾಗಿ ಹರಿದ ರಜ್ಜುವಿನಲ್ಲಿ ಕೊಬ್ಬು ತುಂಬಲು ವರ್ಷಗಳು ಬೇಕು. 2010ರಲ್ಲಿ ಪ್ರಕಟವಾದ ಒಂದು ಫ್ರೆಂಚ್ ಅಧ್ಯಯನದಲ್ಲಿ ಸುಪ್ರಾಸ್ಪೈನೇಟಸ್‌ನಲ್ಲಿ ಕೊಬ್ಬು ಮಧ್ಯಮ ಮಟ್ಟಕ್ಕೆ ಬರಲು ತೊಂದರೆ ಶುರುವಾದಲ್ಲಿಂದ ಸರಾಸರಿ 3 ವರ್ಷ, ತೀವ್ರವಾಗಲು 5 ವರ್ಷ ಹಿಡಿದಿತ್ತು. ಆದರೆ ಬಿದ್ದು ಒಮ್ಮೆಲೇ ಕಿತ್ತು ಬಂದದ್ದರಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ. ತಿಂಗಳು ಕಳೆದಂತೆ ರಜ್ಜು ಒಳಕ್ಕೆ ಸರಿದು ಅಲ್ಲೇ ಅಂಟಿಕೊಳ್ಳುತ್ತದೆ, ಎಳೆದು ಮೂಳೆಗೆ ತರುವುದು ಕಷ್ಟವಾಗುತ್ತದೆ. ದುಡಿಯುವ ವಯಸ್ಸಿನವರಲ್ಲಿ ಇಂಥ ಹರಿತವನ್ನು ಹೊಲಿಯುವುದೇ ಆದರೆ ಮೊದಲ ಮೂರು ತಿಂಗಳೊಳಗೆ ಮಾಡುವುದು ಒಳ್ಳೆಯದು. ಸ್ಕ್ಯಾನಿಗೆ ದಿನ ಸಿಗುವುದು, ಸಕ್ಕರೆ ಕಾಯಿಲೆ ಹತೋಟಿಗೆ ತರುವುದು, ಹಣ ಹೊಂದಿಸುವುದು, ಇವೆಲ್ಲ ಅದೇ ಮೂರು ತಿಂಗಳಲ್ಲಿ ಆಗಬೇಕು. ಮೂರು ವಾರ ಈಗಾಗಲೇ ಹೋಗಿದೆ.

ಎಂಆರ್‌ಐ ತಡವಾಗುವುದಾದರೆ ಮೊದಲು ಹೆಗಲಿನ ಅಲ್ಟ್ರಾಸೌಂಡ್ ಮಾಡಿಸಿ. ಅನುಭವಿ ರೇಡಿಯಾಲಜಿಸ್ಟ್ ನೋಡಿದರೆ ಪೂರ್ತಿ ಹರಿತ ಅದರಲ್ಲೇ ಗೊತ್ತಾಗುತ್ತದೆ, ಖರ್ಚೂ ಕಡಿಮೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮೂಳೆ ವಿಭಾಗಕ್ಕೂ ಹೋಗಬಹುದು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಚಿಕಿತ್ಸೆ ಸೇರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ದಾಖಲಾಗುವ ಮೊದಲೇ ಕೇಳಿಕೊಳ್ಳಿ.

ಎಣ್ಣೆ ಹಚ್ಚಿದರೆ ಹಾನಿಯಿಲ್ಲ, ಹಾಯೆನಿಸಿದರೆ ಹಚ್ಚಿ. ಕೈಯನ್ನು ಜಗ್ಗಿ, ತಿರುಚಿ, ‘ಸರಿಗೆ ಕೂರಿಸುವುದು’ ಮಾತ್ರ ಈಗಲೇ ನಿಲ್ಲಲಿ. ಅರ್ಧ ಹರಿದದ್ದು ಪೂರ್ತಿ ಹರಿಯಲು ಅಷ್ಟೇ ಸಾಕು.

ಪ್ರಶ್ನೆ: ಎರಡು ವರ್ಷದ ಹಿಂದೆ ಹೆಗಲು ಬಹಳ ನೋಯುತ್ತಿತ್ತು, ರಾತ್ರಿ ನಿದ್ದೆಯಿರಲಿಲ್ಲ. ಒಂದು ಇಂಜೆಕ್ಷನ್ ಆದ ಮೇಲೆ ಕಡಿಮೆಯಾಯಿತು. ಈಗ ನೋವಿಲ್ಲ, ಆದರೆ ಆ ಕಡೆಯ ಬೆನ್ನಿನ ಮೇಲ್ಭಾಗ ಗುಳಿ ಬಿದ್ದಿದೆ ಎಂದು ಮನೆಯವರು ಹೇಳುತ್ತಾರೆ. ಗುಣವಾಯಿತು ಎಂದುಕೊಳ್ಳಬಹುದೆ?
— ಓದುಗರು, ಹೊಸನಗರ

ಇಲ್ಲ. ನೋವು ಹೋಗಿರುವುದು ಸಮಾಧಾನದ ವಿಷಯವೇ, ಆದರೆ ರಜ್ಜು ಕೂಡಿಕೊಂಡಿದೆ ಎಂಬುದಕ್ಕೆ ಅದು ಪುರಾವೆಯಲ್ಲ. ಪೂರ್ತಿ ಹರಿದ ರಜ್ಜು ತಾನಾಗಿ ಮೂಳೆಗೆ ಮರಳಿ ಅಂಟುವುದು ಬಹಳ ಅಪರೂಪ. ಉರಿಯೂತ ಇಳಿದರೆ ನೋವು ಇಳಿಯುತ್ತದೆ. ಮಾಂಸಖಂಡ ಕರಗುವ ಕೆಲಸ ನೋವಿಲ್ಲದೆ, ಸದ್ದಿಲ್ಲದೆ ನಡೆದೇ ಇರುತ್ತದೆ. ಜನ ಮೋಸಹೋಗುವುದು ಇಲ್ಲೇ.

ಅಂಗಿ ತೆಗೆದು ಬೆಳಕಿಗೆ ಬೆನ್ನು ಮಾಡಿ ನಿಲ್ಲಿ, ಮನೆಯವರು ಎರಡೂ ಕಡೆ ಹೋಲಿಸಿ ನೋಡಲಿ. ಹೆಗಲಹಲಗೆಯ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ಏಣು ಕೈಗೆ ಸಿಗುತ್ತದೆ. ಗುಳಿ ಆ ಏಣಿನ ಮೇಲಿದ್ದರೆ ಸುಪ್ರಾಸ್ಪೈನೇಟಸ್, ಕೆಳಗಿದ್ದರೆ ಇನ್‌ಫ್ರಾಸ್ಪೈನೇಟಸ್ ಕುಗ್ಗಿದೆ. ಕೆಳಗೂ ಗುಳಿ ಬಿದ್ದಿದ್ದರೆ ಹರಿತ ದೊಡ್ಡದಿರಬಹುದು, ಇಲ್ಲವೇ ನರದ ತೊಂದರೆಯಿರಬಹುದು. ಕುತ್ತಿಗೆಯಲ್ಲಿ ನರ ಒತ್ತಿದ್ದರೂ, ಹೆಗಲಹಲಗೆಯ ಕಚ್ಚಿನಲ್ಲಿ ನೀರುಗುಳ್ಳೆ ಬೆಳೆದು ನರವನ್ನು ಒತ್ತಿದರೂ, ನರದ ಉರಿಯೂತವಾದರೂ ಇದೇ ರೀತಿ ಮಾಂಸಖಂಡ ಕರಗುತ್ತದೆ. ನರದ ಉರಿಯೂತದಲ್ಲಂತೂ ಮೊದಲು ಕೆಲವು ದಿನ, ಕೆಲವು ವಾರ ವಿಪರೀತ ನೋವು, ಅದು ಇಳಿಯುವ ಹೊತ್ತಿಗೆ ಕೈ ಸೋತಿರುತ್ತದೆ. ಆದ್ದರಿಂದ ಎಂಆರ್‌ಐ ಜೊತೆಗೆ ನರದ ಪರೀಕ್ಷೆಯೂ ಬೇಕಾಗಬಹುದು.

ಸಾಮಾನ್ಯ ಎಕ್ಸ್‌ರೇಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತೋಳಿನ ಮೂಳೆಯ ತಲೆಗೂ ಮೇಲಿನ ಮೂಳೆಯ ಚಾಚಿಗೂ ನಡುವೆ ಇರುವ ಅಂತರ 7 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಹಳೆಯ, ದೊಡ್ಡ ಹರಿತದ ಲಕ್ಷಣ.

ಮತ್ತೆ ಮತ್ತೆ ಸ್ಟೀರಾಯ್ಡ್ ಇಂಜೆಕ್ಷನ್ ಬೇಡ. ಪದೇ ಪದೇ ಕೊಟ್ಟರೆ ರಜ್ಜು ಇನ್ನಷ್ಟು ದುರ್ಬಲವಾಗುತ್ತದೆ. ಆಪರೇಷನ್‌ಗೆ ಮುಂಚಿನ ತಿಂಗಳಲ್ಲಿ ತೆಗೆದುಕೊಂಡರೆ ಸೋಂಕಿನ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆಯಿದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ.

ಪ್ರಶ್ನೆ: ಆಪರೇಷನ್ ಬೇಡ, ವ್ಯಾಯಾಮ ಮಾಡಿದರೆ ಸಾಕು ಎಂದು ಒಬ್ಬ ವೈದ್ಯರು ಹೇಳಿದರು. ವ್ಯಾಯಾಮದಿಂದ ಕೊಬ್ಬು ಮತ್ತೆ ಮಾಂಸವಾಗುತ್ತದೆಯೆ? ವಯಸ್ಸು 66, ಬಿದ್ದಿಲ್ಲ, ನಿಧಾನವಾಗಿ ಶುರುವಾದದ್ದು.
— ಓದುಗರು, ಕೊಪ್ಪ

ಕೊಬ್ಬು ಮಾಂಸವಾಗುವುದಿಲ್ಲ. ಆದರೂ ನಿಮ್ಮ ವೈದ್ಯರ ಸಲಹೆ ಸರಿಯಾಗಿದೆ. ಪೆಟ್ಟಿಲ್ಲದೆ ಸವೆದು ಹರಿದ ರಜ್ಜುವಿನಲ್ಲಿ ಫಿಸಿಯೋಥೆರಪಿಯಿಂದಲೇ ನಾಲ್ವರಲ್ಲಿ ಸುಮಾರು ಮೂವರು ಎರಡು ವರ್ಷವಾದರೂ ಆಪರೇಷನ್ ಇಲ್ಲದೆ ಇರಬಲ್ಲರೆಂದು ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನ 2013ರಲ್ಲಿ ತೋರಿಸಿದೆ. ಹರಿದ ಭಾಗ ವಾಸಿಯಾಗುವುದರಿಂದ ಬರುವ ಫಲವಲ್ಲ ಅದು. ಉಳಿದ ರಜ್ಜುಗಳು, ಹೆಗಲಿನ ಹೊರಮೈಯ ದೊಡ್ಡ ಮಾಂಸಖಂಡವಾದ ಡೆಲ್ಟಾಯ್ಡ್, ಹೆಗಲಹಲಗೆಯನ್ನು ಹಿಡಿಯುವ ಮಾಂಸಖಂಡಗಳು ಕೆಲಸ ಹಂಚಿಕೊಳ್ಳಲು ಕಲಿಯುವುದರಿಂದ ಬರುವ ಫಲ.

ಕನಿಷ್ಠ 12 ವಾರ ಬಿಡದೆ ಮಾಡಬೇಕು. ಮೊದಲು ಸಡಿಲ: ಒಳ್ಳೆಯ ಕೈಯನ್ನು ಮೇಜಿಗೆ ಊರಿ ಬಗ್ಗಿ, ನೋಯುವ ಕೈಯನ್ನು ಇಳಿಬಿಟ್ಟು ಮೈಯ ತೂಗಾಟದಿಂದಲೇ ಒಂದೆರಡು ನಿಮಿಷ ಮೆಲ್ಲಗೆ ಆಡಿಸಿ. ಆಮೇಲೆ ಅಂಗಾತ ಮಲಗಿ ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು, ಒಳ್ಳೆಯ ಕೈಯ ಬಲದಿಂದ ನೋಯುವ ಕೈಯನ್ನು ತಲೆಯ ಕಡೆಗೆ 10 ಸಲ ತನ್ನಿ. ಮೂರನೆಯದು ಬಲಕ್ಕೆ: ಪಕ್ಕೆ ಮತ್ತು ಮೊಣಕೈ ನಡುವೆ ಸುತ್ತಿದ ಟವೆಲ್ ಇಟ್ಟು, ಮೊಣಕೈ ಮಡಚಿ, ಅಂಗೈಯ ಹಿಂಬದಿಯಿಂದ ಗೋಡೆಯನ್ನು ಹೊರಕ್ಕೆ 5 ಸೆಕೆಂಡ್ ಒತ್ತಿ, 10 ಸಲ. ಒಳಕ್ಕೂ ಹಾಗೆಯೇ, ಬಾಗಿಲ ಚೌಕಟ್ಟಿಗೆ. ಇದು ಸುಲಭವಾದ ಮೇಲೆ ರಬ್ಬರ್ ಬ್ಯಾಂಡ್ ಹಿಡಿದು 10ರಂತೆ 3 ಸುತ್ತು, ದಿನ ಬಿಟ್ಟು ದಿನ. ಎರಡೂ ಹೆಗಲಹಲಗೆಗಳನ್ನು ಹಿಂದಕ್ಕೆ, ಕೆಳಕ್ಕೆ ಸೇರಿಸಿ ಹಿಡಿಯುವುದನ್ನು ಕೂತಲ್ಲೇ ಮಾಡಬಹುದು.

ಜನ ಸೋಲುವುದು ಎರಡು ಕಾರಣಕ್ಕೆ. ನಾಲ್ಕು ದಿನ ಜೋರಾಗಿ ಮಾಡಿ ನೋವು ಬರಿಸಿಕೊಂಡು ಬಿಡುವುದು ಒಂದು. ಹೆಗಲನ್ನು ಕಿವಿಯ ಕಡೆಗೆ ಎಳೆದುಕೊಂಡು ಕೈ ಎತ್ತುವುದು ಇನ್ನೊಂದು, ಇದು ಗೊತ್ತಾಗುವುದೇ ಇಲ್ಲ. ಕನ್ನಡಿಯ ಮುಂದೆ ಮಾಡಿ. ಸ್ವಲ್ಪ ನೋವು ಬರಬಹುದು, ಮರುದಿನ ಬೆಳಗ್ಗೆ ಇಳಿದಿರಬೇಕು. ಇಳಿಯದಿದ್ದರೆ ಅರ್ಧಕ್ಕೆ ತಗ್ಗಿಸಿ. ವ್ಯಾಯಾಮದ ನಡುವೆಯೂ ಶಕ್ತಿ ಕಡಿಮೆಯಾಗುತ್ತಾ ಬಂದರೆ, ಅಥವಾ ಈ ನಡುವೆ ಬಿದ್ದು ಕೈ ಒಮ್ಮೆಲೇ ಸೋತರೆ, 12 ವಾರ ಮುಗಿಯಲೆಂದು ಕೂರಬೇಡಿ. ಹರಿತ ದೊಡ್ಡದಾಗಿರಬಹುದು.

ಪ್ರಶ್ನೆ: ಹೆಗಲಿನ ರಜ್ಜು ಹೊಲಿಯುವ ದೂರ್ಬೀನಿನ (ಕೀಹೋಲ್) ಆಪರೇಷನ್ ಆಗಿ ಎರಡು ತಿಂಗಳಾಯಿತು. ನೋವು ಇಲ್ಲವೇ ಇಲ್ಲ. ಕೊಯ್ಲು ಹತ್ತಿರ ಬಂತು. ದೋಟಿ ಹಿಡಿಯಬಹುದೆ?
— ಓದುಗರು, ಸೊರಬ

ಈ ಕೊಯ್ಲಿಗೆ ಬೇಡ. ನೋವು ರಜ್ಜುವಿಗಿಂತ ಮೊದಲು ವಾಸಿಯಾಗುತ್ತದೆ. ಹೊಲಿಗೆ ಹಾಕಿದ ಜಾಗ ಗಾಯದ ನಾರಿನಿಂದ ಕೂಡುತ್ತಿರುತ್ತದೆ. ಹೊಲಿದದ್ದು ಬಿಡುವುದಾದರೆ ಹೆಚ್ಚಾಗಿ ಬಿಡುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ.

ಸಾಮಾನ್ಯ ಲೆಕ್ಕ ಹೀಗಿದೆ, ನಿಮ್ಮ ಶಸ್ತ್ರವೈದ್ಯರು ಬೇರೆ ಹೇಳಿದ್ದರೆ ಅದೇ ಸರಿ. ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿ (ಸ್ಲಿಂಗ್), ಮಲಗುವಾಗಲೂ. ಆ ಅವಧಿಯಲ್ಲಿ ಬೆರಳು, ಮಣಿಕಟ್ಟು, ಮೊಣಕೈ ಮಾತ್ರ ಸ್ವಂತ ಆಡಿಸುವುದು, ಹೆಗಲನ್ನು ಬೇರೆಯವರು ಆಡಿಸುವುದು. ಆರು ವಾರದ ನಂತರ ಸ್ವಂತ ಬಲದಲ್ಲಿ ಕೈ ಎತ್ತುವುದು, ತೂಕವಿಲ್ಲದೆ. 12 ವಾರದಿಂದ ಬಲ ಬರಿಸುವ ವ್ಯಾಯಾಮ. ತಲೆಯ ಮೇಲಿನ ಕೆಲಸ, ಭಾರ ಎತ್ತುವುದು ಆರು ತಿಂಗಳ ನಂತರ, ದೊಡ್ಡ ಹರಿತವಾಗಿದ್ದರೆ ಇನ್ನೂ ತಡ. ದೋಟಿ ಇದರಲ್ಲಿ ಕೊನೆಯದು. ಹಗುರವಾದ ಕಾರ್ಬನ್ ಫೈಬರ್ ದೋಟಿಯಾದರೂ ಉದ್ದ ಅಷ್ಟೇ ಇರುವುದರಿಂದ ತುದಿ ವಾಲಿದಾಗ ಹೆಗಲಿನ ಮೇಲೆ ಬೀಳುವ ಜಗ್ಗಾಟ ದೊಡ್ಡದು, ಕೊನೆ ಕಡಿಯುವ ಹೊತ್ತಿನ ಎಳೆತ ಬೇರೆ. ಸ್ಪ್ರೇ ಮಾಡುವುದಕ್ಕೂ ಹಗ್ಗದಲ್ಲಿ ಬರುವ ಕೊನೆ ಹಿಡಿಯುವುದಕ್ಕೂ ಇದೇ ಮಾತು. ಕುಳಿತು ಅಡಿಕೆ ಆರಿಸುವುದು, ಲೆಕ್ಕ ಬರೆಯುವುದು ಮಾಡಿ, ಮೊಣಕೈ ಪಕ್ಕೆಗೆ ಹತ್ತಿರವೇ ಇರಲಿ.

ಬೀಡಿ ಸಿಗರೇಟು ಸೇದುವವರಲ್ಲಿ ರಜ್ಜು ಕೂಡುವುದು ನಿಧಾನ. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪಿನಲ್ಲೂ ಅದೇ ನಿಕೋಟಿನ್ ಇದೆ, ಅದನ್ನೂ ಬಿಡಿ.

ಪ್ರಶ್ನೆ: ಸಕ್ಕರೆ ಕಾಯಿಲೆಯಿದೆ, ಹೆಗಲು ಹಿಡಿದುಕೊಂಡಿದೆ. ಇದು ‘ಫ್ರೋಜನ್ ಶೋಲ್ಡರ್’ ಅಥವಾ ರಜ್ಜು ಹರಿದದ್ದೋ?
— ಓದುಗರು, ಶಿವಮೊಗ್ಗ

ಬೇರೆಯವರು ನಿಮ್ಮ ಕೈಯನ್ನು ಎತ್ತಿ ನೋಡಲಿ. ಅವರು ಎತ್ತಿದರೂ ಏಳದಿದ್ದರೆ, ಮುಖ್ಯವಾಗಿ ಹೊರಕ್ಕೆ ತಿರುಗದಿದ್ದರೆ, ಫ್ರೋಜನ್ ಶೋಲ್ಡರ್ (ಕೀಲಿನ ಸುತ್ತಲ ಪೊರೆ ಬಿಗಿದುಕೊಳ್ಳುವುದು) ಇರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಅವರು ಎತ್ತಿದರೆ ಏಳುತ್ತದೆ, ನೀವೇ ಎತ್ತಲಾರಿರಿ ಎಂದರೆ ರಜ್ಜುವನ್ನು ಸಂಶಯಿಸಬೇಕು. ಎರಡೂ ಒಟ್ಟಿಗಿರುವುದೂ ಉಂಟು. ಮೊದಲನೆಯದಕ್ಕೆ ಸಡಿಲ ಮಾಡುವ ಚಿಕಿತ್ಸೆ, ಕಾಯುವ ಸಮಯವೂ ಇದೆ. ಎರಡನೆಯದಕ್ಕೆ ಕಾಯಬಾರದು. ಆಪರೇಷನ್ ಬೇಕಾದರೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಸಾಮಾನ್ಯವಾಗಿ 8ಕ್ಕಿಂತ ಕೆಳಗಿರಬೇಕೆಂದು ಕೇಳುತ್ತಾರೆ. ಎಡ ಹೆಗಲ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಕಟ್ಟುವುದು ಇದ್ದರೆ ಅದು ಹೃದಯದ್ದಿರಬಹುದು. ಆಗ ನೇರ ತುರ್ತು ವಿಭಾಗಕ್ಕೆ ಹೋಗಿ.

ಪ್ರಶ್ನೆ: ಅಮ್ಮನಿಗೆ 73. ‘ಮ್ಯಾಸಿವ್ ಟೇರ್, ಗ್ರೇಡ್ 4, ಹೊಲಿಯಲು ಬರುವುದಿಲ್ಲ’ ಎಂದಿದ್ದಾರೆ. ತಲೆ ಬಾಚಿಕೊಳ್ಳಲೂ ಆಗುವುದಿಲ್ಲ. ಏನೂ ಮಾಡುವಂತಿಲ್ಲವೆ?
— ಓದುಗರು, ಶೃಂಗೇರಿ

ಇದೆ. ಹೊಲಿಯಲು ಬರುವುದಿಲ್ಲ ಎಂದರೆ ಚಿಕಿತ್ಸೆಯೇ ಇಲ್ಲವೆಂದಲ್ಲ.

ಮೊದಲು ಡೆಲ್ಟಾಯ್ಡ್ ವ್ಯಾಯಾಮವನ್ನು ಮೂರು ತಿಂಗಳು ಮಾಡಿಸಿ. ಅಮ್ಮ ಅಂಗಾತ ಮಲಗಲಿ. ಮೊಣಕೈ ಮಡಚಿ, ಬೇಕಿದ್ದರೆ ಇನ್ನೊಂದು ಕೈಯ ಆಸರೆಯಿಂದ, ಕೈಯನ್ನು ಸೂರಿನ ಕಡೆಗೆ ನೇರ ಎತ್ತಲಿ. ಆ ಸ್ಥಿತಿಯಲ್ಲಿ ಕೈಯ ಭಾರ ಕೀಲಿನ ಮೇಲೆ ನೇರ ನಿಲ್ಲುವುದರಿಂದ ಸೋತ ಹೆಗಲೂ ಅದನ್ನು ಹಿಡಿಯಬಲ್ಲದು. ಅಲ್ಲಿಂದ ಕೈಯನ್ನು ಹಿಂದೆ ಮುಂದೆ ಸ್ವಲ್ಪವೇ ಆಡಿಸಲಿ, ಸುಸ್ತಾಗುವವರೆಗೆ ಅಥವಾ ಐದು ನಿಮಿಷ, ದಿನಕ್ಕೆ ಮೂರು ಸಲ. ಸುಲಭವಾದ ಮೇಲೆ ಕೈಯಲ್ಲಿ ಅರ್ಧ ತುಂಬಿದ ಸಣ್ಣ ನೀರಿನ ಬಾಟಲಿ. ಅದೂ ಸುಲಭವಾದರೆ ಬೆನ್ನ ಹಿಂದೆ ದಿಂಬುಗಳನ್ನಿಟ್ಟು ಓರೆಯಾಗಿ, ಕೊನೆಗೆ ಕೂತು. ಹಂತ ಹಾರಿಸಬಾರದು. ರಾತ್ರಿ ಆ ಮಗ್ಗುಲಿಗೆ ಮಲಗದೆ, ತೋಳಿನ ಕೆಳಗೆ ಒಂದು ದಿಂಬು ಕೊಟ್ಟರೆ ನಿದ್ದೆ ಬರುತ್ತದೆ.

ಇದರಿಂದ ಸಾಕಷ್ಟು ಆಗದಿದ್ದರೆ ರಿವರ್ಸ್ ಶೋಲ್ಡರ್ ಎಂಬ ಕೃತಕ ಕೀಲಿದೆ. ಫ್ರಾನ್ಸಿನ ಪಾಲ್ ಗ್ರಾಮೊಂ 1985ರಲ್ಲಿ ರೂಪಿಸಿದ ವಿನ್ಯಾಸದಿಂದ ಬೆಳೆದದ್ದು ಇದು. ಗುಂಡು ಇರಬೇಕಾದ ಕಡೆ ಬಟ್ಟಲು, ಬಟ್ಟಲಿನ ಕಡೆ ಗುಂಡು ಇರುತ್ತದೆ. ಹೀಗೆ ಅದಲುಬದಲು ಮಾಡಿದಾಗ ತಿರುಗುವ ಕೇಂದ್ರ ಒಳಕ್ಕೆ, ಕೆಳಕ್ಕೆ ಸರಿದು, ಹರಿದ ರಜ್ಜುವಿನ ನೆರವಿಲ್ಲದೆ ಡೆಲ್ಟಾಯ್ಡ್ ಒಂದೇ ಕೈ ಎತ್ತಬಲ್ಲದು. ಆದ್ದರಿಂದಲೇ ಡೆಲ್ಟಾಯ್ಡ್ ಮತ್ತು ಅದರ ನರ ಚೆನ್ನಾಗಿರಲೇಬೇಕು. ಈಗ ಮಾಡಿಸುವ ವ್ಯಾಯಾಮ ಆಗಲೂ ವ್ಯರ್ಥವಲ್ಲ. ನೋವು ಮತ್ತು ಕೈ ಎತ್ತುವುದು ಚೆನ್ನಾಗಿ ಸುಧಾರಿಸುತ್ತದೆ. ಹೊರಕ್ಕೆ ತಿರುಗಿಸುವ ಶಕ್ತಿ ಅಷ್ಟಾಗಿ ಬರದಿರಬಹುದು. ಟೆರಿಸ್ ಮೈನರ್‌ನಲ್ಲೂ ಕೊಬ್ಬು ತುಂಬಿದೆಯೇ ಎಂದು ಕೇಳಿ, ತಲೆ ಬಾಚಲು ಬೇಕಾಗುವುದು ಆ ತಿರುಗುವಿಕೆಯೇ. ಇಂಥ ಆಪರೇಷನನ್ನು ವರ್ಷಕ್ಕೆ ಹಲವು ಮಾಡುವ ಹೆಗಲು ತಜ್ಞರಿಂದಲೇ ಮಾಡಿಸಿ, ಅದಕ್ಕಾಗಿ ಮಂಗಳೂರು, ಮಣಿಪಾಲ ಅಥವಾ ಬೆಂಗಳೂರಿಗೆ ಹೋಗಬೇಕಾದರೂ ಸರಿ. ಹೋಗುವಾಗ ಹಳೆಯ ಎಂಆರ್‌ಐ ಸಿಡಿ, ಸಕ್ಕರೆ ಮತ್ತು ಹೃದಯದ ರಿಪೋರ್ಟು, ಅಮ್ಮ ತೆಗೆದುಕೊಳ್ಳುವ ರಕ್ತ ತೆಳುವಾಗಿಸುವ ಮಾತ್ರೆಗಳ ಚೀಟಿ ಜೊತೆಗಿರಲಿ.